ಬಿಸಿನೀರಿನ ಕುಂಡದ ಕೆಳಗಿನ ತೊರೆಯಲ್ಲಿ ಫಾಸ್ಫೇಟ್ ಜಾಸ್ತಿ ಬಂತು, ಇದು ಭೂಮಿಯ ಒಳಗಿಂದ ಬಂದದ್ದಾ?

ಡೊಂಬಿವಲಿ ಮೀನುತೊಟ್ಟಿ

ಎಲ್ಲರಿಗೂ ನಮಸ್ಕಾರ. ಹೋದ ಭಾನುವಾರ ಅಮ್ಮನನ್ನು ಕರೆದುಕೊಂಡು ಗಣೇಶಪುರಿಗೆ ಹೋಗಿದ್ದೆವು. ನಿತ್ಯಾನಂದ ಸ್ವಾಮಿಗಳ ಸಮಾಧಿಗೆ ಕೈಮುಗಿದು, ಬರುವಾಗ ತಾನ್ಸಾ ನದಿ ಕಡೆಯ ಒಂದು ಬಿಸಿನೀರಿನ ಕುಂಡಕ್ಕೆ ಹೋಗುವುದು ನಮ್ಮ ಮನೆಯ ಪದ್ಧತಿ. ಅಮ್ಮನಿಗೆ ಮೊಣಕಾಲು ನೋವು. ಅರ್ಧ ಗಂಟೆ ಕಾಲು ಇಳಿಬಿಟ್ಟು ಕೂತರೆ ಒಂದು ವಾರ ಆರಾಮ ಇರುತ್ತದೆ ಅಂತಾರೆ.

ನನ್ನ ಬ್ಯಾಗಿನಲ್ಲಿ ನೀರಿನಲ್ಲಿ ಫಾಸ್ಫೇಟ್ ಎಷ್ಟಿದೆ ಅಂತ ನೋಡುವ ಕಿಟ್ ಇತ್ತು. ಮನೆಯಲ್ಲಿ ಮೂರು ಮೀನಿನ ತೊಟ್ಟಿ ಇವೆ, ಹಿಂದಿನ ದಿನವಷ್ಟೇ ಅಂಗಡಿಯಿಂದ ತಂದಿದ್ದೆ, ತೆಗೆದಿಡಲು ಮರೆತಿದ್ದೆ. ಅಮ್ಮ ಕೂತಿರುವಾಗ ಸುಮ್ನೆ ಕೂರಲಾಗಲಿಲ್ಲ. ಕುಂಡದ ನೀರು ಹೊರಗೆ ಹರಿದು ಒಂದು ಸಣ್ಣ ತೊರೆ ಆಗುತ್ತದೆ, ಆಮೇಲೆ ನದಿ ಸೇರುತ್ತದೆ. ಆ ತೊರೆಯಿಂದ ಗಾಜಿನ ಕೊಳವೆ ತುಂಬಿಸಿ ಎರಡು ಔಷಧಿಯ ಹನಿ ಹಾಕಿ ಅಲ್ಲಾಡಿಸಿದೆ. ನೀಲಿ ಬಂತು. ಚೆನ್ನಾಗಿಯೇ ಬಂತು. ಬಣ್ಣದ ಕಾರ್ಡಿನಲ್ಲಿ ನೋಡಿದರೆ ಲೀಟರಿಗೆ 0.5 ಮತ್ತು 1 ಮಿಲಿಗ್ರಾಂ ನಡುವೆ. ಅಲ್ಲಿಂದ ಅರ್ಧ ಕಿಲೋಮೀಟರ್ ದೂರದಲ್ಲಿ ಇನ್ನೊಂದು ತೊರೆ ಇದೆ, ಡಿಸೆಂಬರ್ ಆದ್ದರಿಂದ ಸಣ್ಣಗೆ ಹರಿಯುತ್ತಿತ್ತು. ಅದರಲ್ಲಿ ಬಣ್ಣವೇ ಇಲ್ಲ.

ರಾತ್ರಿ ಪುಣೆಯಲ್ಲಿ ಪರಿಸರ ವಿಜ್ಞಾನ ಓದುವ ಅಕ್ಕನ ಮಗಳಿಗೆ ಫೋನ್ ಮಾಡಿದೆ. ಅವಳು ಕೋಸ್ಟರಿಕಾದ ವಿಷಯ ಹೇಳಿದಳು. ಅಲ್ಲಿ ಲಾ ಸೆಲ್ವಾ ಅಂತ ಒಂದು ಕಾಡು, ಅಧ್ಯಯನ ಕೇಂದ್ರ. ಒಂದೇ ಕಾಡು, ಒಂದೇ ಮಳೆ, ಪಕ್ಕಪಕ್ಕದ ತೊರೆಗಳು. ಆದರೆ ಒಂದರಲ್ಲಿ ರಂಜಕ (ಫಾಸ್ಫೇಟಿನೊಳಗೆ ಇರುವ ಫಾಸ್ಫರಸ್) ಲೀಟರಿಗೆ 10 ಮೈಕ್ರೋಗ್ರಾಂ ಕೂಡ ಇಲ್ಲ, ಇನ್ನೊಂದರಲ್ಲಿ 100 ದಾಟುತ್ತದೆ. ಕಾರಣ ಏನಂದರೆ ಜ್ವಾಲಾಮುಖಿಯ ಕಡೆಯಿಂದ ಭೂಮಿಯೊಳಗೇ ಹರಿದು ಬರುವ ನೀರು ಆ ಎರಡನೆಯ ತೊರೆಯ ತಳದಲ್ಲಿ ಮೇಲೆ ಬರುತ್ತದಂತೆ. ಅದನ್ನು ಕೇಳಿ ನನಗೆ ನಿದ್ದೆ ಬರಲಿಲ್ಲ. ನಮ್ಮ ಕೊಂಕಣದಲ್ಲೂ ಅದೇ ನಡೆಯುತ್ತಿದೆ ಅಲ್ವಾ? ಬೆಳಿಗ್ಗೆ ನಮ್ಮ ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲೂ ಬರೆದುಬಿಟ್ಟೆ. ತಿಳಿದವರು ಹೇಳಿ.

ಪುತ್ತೂರಿನವ, ಕುರ್ಲಾ

ಒಳ್ಳೆ ವಿಷಯ ಎತ್ತಿದಿರಿ ಮಾರಾಯ್ರೇ. ನಮ್ಮ ಪುತ್ತೂರು ತಾಲೂಕಿನ ಇರ್ದೆಯಲ್ಲಿ ಬೆಂದ್ರ್ ತೀರ್ಥ ಇದೆ, ಅದೂ ಬೆಚ್ಚಗಿನ ನೀರೇ. ಸಣ್ಣವನಿದ್ದಾಗ ಅಜ್ಜಿ ಜೊತೆ ಹೋಗಿ ಮುಳುಗಿ ಎದ್ದಿದ್ದೇನೆ. ಚರ್ಮದ ಕಾಯಿಲೆಗೆ ಒಳ್ಳೆಯದು ಅಂತ ಜನ ಬರುತ್ತಾರೆ. ಅಲ್ಲಿ ಜ್ವಾಲಾಮುಖಿ ಎಲ್ಲಿಂದ ಬರಬೇಕು? ಆದರೂ ನೀರು ಬೆಚ್ಚಗಿದೆ. ಹಾಗಾದರೆ ಅಲ್ಲಿನ ನೀರಿನಲ್ಲೂ ಈ ಫಾಸ್ಫೇಟ್ ಇರಬೇಕಾ? ಅಜ್ಜಿ ಅಲ್ಲಿನ ನೀರನ್ನು ತಂಬಿಗೆಯಲ್ಲಿ ತಂದು ತುಳಸಿಗೆ ಹಾಕುತ್ತಿದ್ದರು.

ಧಾರವಾಡ ಮಾಸ್ತರ, ಪುಣೆ

ನಾನು ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸುತ್ತೇನೆ. ಡೊಂಬಿವಲಿಯವರ ಉತ್ಸಾಹ ನೋಡಿ ಖುಷಿ ಆಯ್ತು, ಆದರೆ ಇಲ್ಲಿ ಎರಡು ಬೇರೆ ಬೇರೆ ಸಂಗತಿ ಒಂದಾಗಿಬಿಟ್ಟಿವೆ. ಅದನ್ನು ಬಿಡಿಸಿ ಹೇಳಬೇಕು. ಸ್ವಲ್ಪ ಉದ್ದ ಆಗುತ್ತದೆ.

ಕೋಸ್ಟರಿಕಾದಲ್ಲಿ ಬಾರ್ವಾ ಅನ್ನುವ ಜ್ವಾಲಾಮುಖಿ ಇದೆ, 2906 ಮೀಟರ್ ಎತ್ತರ. ಅದರ ಬುಡದಲ್ಲಿ, ಬೆಟ್ಟ ಮುಗಿದು ಬಯಲು ಶುರುವಾಗುವ ಜಾಗದಲ್ಲಿ ಲಾ ಸೆಲ್ವಾ. ಅದು ಸಮುದ್ರ ಮಟ್ಟದಿಂದ ನೂರೈವತ್ತು ಮೀಟರ್ ಕೂಡ ಮೇಲಿಲ್ಲ. ಬೆಟ್ಟದ ಮೇಲೆ ಬಿದ್ದ ಮಳೆ ಕಲ್ಲಿನೊಳಗೆ ಇಳಿಯುತ್ತದೆ. ಕೆಳಗಿನ ಬಿಸಿ ಭಾಗದಿಂದ ಇಂಗಾಲದ ಡೈಆಕ್ಸೈಡ್ ಬಂದು ಅದರಲ್ಲಿ ಕರಗುತ್ತದೆ. ಸೋಡಾ ಬಾಟಲಿಯಲ್ಲಿ ಇರುತ್ತದಲ್ಲ, ಅದೇ ಗ್ಯಾಸು. ಗ್ಯಾಸು ಕರಗಿದ ನೀರು ಸ್ವಲ್ಪ ಹುಳಿ. ಹುಳಿ ನೀರು ಕಲ್ಲನ್ನು ತಿನ್ನುತ್ತದೆ. ಜ್ವಾಲಾಮುಖಿಯ ಕಲ್ಲಿನಲ್ಲಿ ಅಪಟೈಟ್ ಅನ್ನುವ ಖನಿಜ ಸಣ್ಣ ಸಣ್ಣ ಹರಳಾಗಿ ಇರುತ್ತದೆ, ಅದರಲ್ಲಿ ರಂಜಕ ಇದೆ. ಅದು ಕರಗಿ ನೀರಿಗೆ ಬರುತ್ತದೆ.

ಇನ್ನೊಂದು ಮಾತು ಗಮನಿಸಿ. ಲಾ ಸೆಲ್ವಾದಲ್ಲಿ ತೊರೆಯ ತಳದಲ್ಲಿ ಮೇಲೆ ಬರುವ ಆ ನೀರು ಬಿಸಿ ಇಲ್ಲ! ಕೈ ಇಟ್ಟರೆ ಅಕ್ಕಪಕ್ಕದ ನೀರಿನ ಹಾಗೆಯೇ. ದಾರಿಯಲ್ಲಿ ತಣ್ಣಗಾಗಿದೆ. ಇಂಗಾಲದ ಅಳತೆಯಿಂದ ಅದರ ವಯಸ್ಸು ನೋಡಿದ್ದಾರೆ, 2400ರಿಂದ 4000 ವರ್ಷ. ನಮ್ಮ ಬಾದಾಮಿ ಗುಹೆಗಳನ್ನು ಕೊರೆಯುವುದಕ್ಕೂ ಎಷ್ಟೋ ಮೊದಲು ಬಿದ್ದ ಮಳೆ ಈಗ ತೊರೆಗೆ ಬಂದು ಸೇರುತ್ತಿದೆ ಅಂದರೆ ಯೋಚಿಸಿ. ಮೇಲೆ ದಿಬ್ಬ ಅಡ್ಡ ಇದ್ದರೂ ಅದು ದಿಬ್ಬದ ಕೆಳಗಿನಿಂದಲೇ ಪಕ್ಕದ ಕಣಿವೆಗೆ ಹೋಗುತ್ತದೆ.

ಈಗ ಕೊಂಕಣಕ್ಕೆ ಬರೋಣ. ಇಲ್ಲಿನ ಬಿಸಿನೀರಿನ ಬುಗ್ಗೆಗಳು ಪಾಲ್ಘರ್ ಕಡೆಯಿಂದ ರತ್ನಗಿರಿ ಜಿಲ್ಲೆಯ ರಾಜಾಪುರದವರೆಗೆ ಕರಾವಳಿಗೆ ಸಮನಾಗಿ ಒಂದೇ ಸಾಲಿನಲ್ಲಿವೆ. ಖೇಡ್ ಕಡೆಯ ಉನ್ಹವ್ರೆಯಲ್ಲಿ ನೀರು ಸುಮಾರು 70 ಡಿಗ್ರಿ. ಆದರೆ ಇಲ್ಲಿ ಜೀವಂತ ಜ್ವಾಲಾಮುಖಿ ಇಲ್ಲ. ನಮ್ಮ ಕರಿಕಲ್ಲು ಲಾವಾ ಆಗಿ ಹರಿದು ಬಂದದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ, ಯಾವಾಗಲೋ ತಣ್ಣಗಾಗಿದೆ. ಮಳೆನೀರು ಕಲ್ಲಿನ ಬಿರುಕುಗಳಲ್ಲಿ ಆಳಕ್ಕೆ ಇಳಿದು, ಆಳದಲ್ಲಿ ಸಹಜವಾಗಿ ಇರುವ ಶಾಖಕ್ಕೆ ಕಾದು, ಇನ್ನೊಂದು ಬಿರುಕಿನಿಂದ ಮೇಲೆ ಬರುತ್ತದೆ. ಒಂದು ಕಿಲೋಮೀಟರ್ ಇಳಿದರೆ 25ರಿಂದ 30 ಡಿಗ್ರಿ ಏರುತ್ತದೆ, ಅಷ್ಟೇ ಲೆಕ್ಕ. ಪುತ್ತೂರಿನ ಬೆಂದ್ರ್ ತೀರ್ಥಕ್ಕೂ ಜ್ವಾಲಾಮುಖಿ ಬೇಕಿಲ್ಲ ಅನ್ನುವುದಕ್ಕೆ ಇದೇ ಉತ್ತರ.

ಕೊಂಕಣದ ಈ ನೀರಿನಲ್ಲಿ ಉಪ್ಪು ಜಾಸ್ತಿ, ಸುಣ್ಣದ ಅಂಶ ಇದೆ, ಗುಣ ಹುಳಿಯಲ್ಲ, ಸ್ವಲ್ಪ ಕ್ಷಾರ. ಬಿಸಿ, ಕ್ಷಾರ, ಕ್ಯಾಲ್ಸಿಯಂ ಮೂರೂ ಸೇರಿದರೆ ರಂಜಕ ಕರಗಿ ಉಳಿಯುವುದಿಲ್ಲ, ಕ್ಯಾಲ್ಸಿಯಂ ಅದನ್ನು ಹಿಡಿದು ಮತ್ತೆ ಹರಳು ಮಾಡಿಬಿಡುತ್ತದೆ. ಅಂದರೆ ನೀರು ಬಿಸಿ ಇದೆ ಅಂದ ಮಾತ್ರಕ್ಕೆ ರಂಜಕ ಇರಬೇಕು ಅಂತಿಲ್ಲ. ರಂಜಕ ತರುವುದು ಶಾಖ ಅಲ್ಲ, ಗ್ಯಾಸು, ಕಲ್ಲು ಮತ್ತು ತುಂಬಾ ಕಾಲ. ಹಾಗಾಗಿ ನಿಮ್ಮ ನೀಲಿ ಬಣ್ಣ ನನಗೆ ಒಗಟಾಗಿ ಕಾಣುತ್ತಿದೆ.

ನೆರುಳ್ ಅಮ್ಮ

ಇಷ್ಟೆಲ್ಲಾ ಓದಿ ನನಗೆ ಒಂದೇ ಚಿಂತೆ. ತಾನ್ಸಾ ನೀರು ಮುಂಬೈಗೆ ಕುಡಿಯಲು ಬರುತ್ತದಲ್ಲ? ನನ್ನ ತಂಗಿ ದಾದರ್‌ನಲ್ಲಿ ಇದ್ದಾಳೆ, ಮನೆಯಲ್ಲಿ ಮೂರು ತಿಂಗಳ ಕೂಸು. ಇದು ಅದಕ್ಕೆ ಸೇರುತ್ತದಾ?

ಧಾರವಾಡ ಮಾಸ್ತರ, ಪುಣೆ

ಇಲ್ಲ ಅಕ್ಕಾರ, ಹೆದರಬೇಡ್ರಿ. 1892ರ ತಾನ್ಸಾ ಅಣೆಕಟ್ಟು ಮೇಲೆ ಶಹಾಪುರದ ಕಡೆ ಇದೆ. ಕುಂಡಗಳು ಇರುವುದು ಅಣೆಕಟ್ಟಿನ ಕೆಳಗೆ, ನದಿ ಪಶ್ಚಿಮಕ್ಕೆ ಹರಿದು ವೈತರಣಾ ಸೇರುವ ದಾರಿಯಲ್ಲಿ. ಆ ನೀರು ವಾಪಸ್ ಕೆರೆಗೆ ಹತ್ತುವುದಿಲ್ಲ. ಇನ್ನು ಫಾಸ್ಫೇಟ್ ಈ ಪ್ರಮಾಣದಲ್ಲಿ ಮನುಷ್ಯರಿಗೆ ವಿಷ ಅಲ್ಲ. ಅದರ ಪರಿಣಾಮ ಆಗುವುದು ತೊರೆಯೊಳಗಿನ ಜೀವಗಳ ಮೇಲೆ.

ಮುಲುಂಡ್ ಲ್ಯಾಬ್ ಅಕ್ಕ

ಮೂವತ್ತೊಂದು ವರ್ಷ ನೀರು ಪರೀಕ್ಷೆ ಮಾಡಿ ನಿವೃತ್ತಿ ಆದವಳು ನಾನು. ತಮ್ಮಾ ಡೊಂಬಿವಲಿ, ಮೊದಲು ನಾಲ್ಕು ಪ್ರಶ್ನೆ ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ.

ನೀನು ನೀರು ತುಂಬಿಸಿದ ಜಾಗಕ್ಕಿಂತ ಮೇಲೆ ಯಾರಾದರೂ ಬಟ್ಟೆ ಒಗೆಯುತ್ತಿದ್ದರಾ, ಸೋಪು ಹಚ್ಚಿ ಸ್ನಾನ ಮಾಡುತ್ತಿದ್ದರಾ? ಭಾನುವಾರ ಅಂದರೆ ಜನ ಇದ್ದೇ ಇರುತ್ತಾರೆ. ಬಟ್ಟೆ ಒಗೆಯುವ ಎಷ್ಟೋ ಪುಡಿಗಳಲ್ಲಿ ಫಾಸ್ಫೇಟ್ ಹಾಕುತ್ತಾರೆ, ನೀರಿನ ಗಡಸುತನ ತೆಗೆಯಲು. ಒಂದು ಮುಷ್ಟಿ ಪುಡಿ ಸಾಕು, ಸಣ್ಣ ತೊರೆ ಪೂರ್ತಿ ನೀಲಿ ತೋರಿಸುತ್ತದೆ.

ಎರಡನೆಯದು, ಗಾಜಿನ ಕೊಳವೆಯನ್ನು ಹಿಂದಿನ ಸಲ ಏನಿಂದ ತೊಳೆದೆ? ಪಾತ್ರೆ ಸೋಪಿನಿಂದ ತೊಳೆದಿದ್ದರೆ ಆ ಕೊಳವೆಯ ಫಲಿತಾಂಶ ನಂಬಬೇಡ. ನಮ್ಮ ಲ್ಯಾಬಿಗೆ ಹೊಸಬರು ಸೇರಿದಾಗ ಮೊದಲು ಹೇಳಿಕೊಡುತ್ತಿದ್ದದ್ದೇ ಇದು. ಫಾಸ್ಫೇಟ್ ಪರೀಕ್ಷೆಯ ಗಾಜನ್ನು ತೆಳು ಆ್ಯಸಿಡ್‌ನಲ್ಲಿ ತೊಳೆಯಬೇಕು, ಆಮೇಲೆ ಶುದ್ಧ ನೀರಿನಲ್ಲಿ ಮೂರು ಸಲ. ಸೋಪು ಆ ಕೋಣೆಯ ಒಳಗೇ ಬರಬಾರದು.

ಮೂರನೆಯದು ತುಂಬಾ ಜನಕ್ಕೆ ಗೊತ್ತಿರುವುದಿಲ್ಲ. ಕಿಟ್‌ನಲ್ಲಿ ಇರುವುದು ಮೊಲಿಬ್ಡೇಟ್ ಅನ್ನುವ ರಾಸಾಯನಿಕ. ಅದು ಆ್ಯಸಿಡ್‌ನಲ್ಲಿ ಫಾಸ್ಫೇಟ್ ಜೊತೆ ಸೇರುತ್ತದೆ, ಇನ್ನೊಂದು ಔಷಧಿ ಅದನ್ನು ನೀಲಿ ಮಾಡುತ್ತದೆ. ಆದರೆ ಸಿಲಿಕಾ, ಅಂದರೆ ಮರಳಿನಲ್ಲಿ ಇರುವ ಅಂಶ, ಅದರ ಜೊತೆಗೂ ಮೊಲಿಬ್ಡೇಟ್ ಹೀಗೆಯೇ ಸೇರಿ ನೀಲಿ ಆಗಬಲ್ಲದು! ಬಿಸಿನೀರಿನ ಬುಗ್ಗೆಯಲ್ಲಿ ಸಿಲಿಕಾ ಜಾಸ್ತಿ ಇರುತ್ತದೆ, ಯಾಕಂದರೆ ಬಿಸಿನೀರು ಕಲ್ಲಿನ ಸಿಲಿಕಾವನ್ನು ಚೆನ್ನಾಗಿ ಕರಗಿಸುತ್ತದೆ. ಔಷಧಿಯಲ್ಲಿ ಆ್ಯಸಿಡ್ ಸರಿಯಾದ ಪ್ರಮಾಣದಲ್ಲಿ ಇದ್ದರೆ ಸಿಲಿಕಾ ನಿಧಾನವಾಗುತ್ತದೆ, ಹೇಳಿದ ಸಮಯಕ್ಕೆ ಓದಿದರೆ ತೊಂದರೆ ಇಲ್ಲ. ಐದು ನಿಮಿಷಕ್ಕೆ ಓದು ಅಂದಿದ್ದನ್ನು ಅರ್ಧ ಗಂಟೆ ಬಿಟ್ಟು ಓದಿದರೆ ಸಿಲಿಕಾ ನಿನಗೆ ಸುಳ್ಳು ಹೇಳುತ್ತದೆ. ನೀನು ಎಷ್ಟು ಹೊತ್ತಿಗೆ ಓದಿದೆ?

ನಾಲ್ಕನೆಯದು ಲೆಕ್ಕ. ನಿನ್ನ ಕಾರ್ಡು ಫಾಸ್ಫೇಟ್ ಹೇಳುತ್ತದೆ, ಕೋಸ್ಟರಿಕಾದವರು ಹೇಳುವುದು ರಂಜಕ ಮಾತ್ರ. ರಂಜಕವನ್ನು ಸುಮಾರು 3.07ರಿಂದ ಗುಣಿಸಿದರೆ ಫಾಸ್ಫೇಟ್ ಆಗುತ್ತದೆ. ಅವರ 200 ಮೈಕ್ರೋಗ್ರಾಂ ರಂಜಕ ಅಂದರೆ ನಿನ್ನ ಕಾರ್ಡಿನಲ್ಲಿ 0.6 ಮಿಲಿಗ್ರಾಂ. ಅವರ ಕಡಿಮೆ ರಂಜಕದ ತೊರೆ, 5 ಮೈಕ್ರೋಗ್ರಾಂ ಅಂದುಕೊಂಡರೆ, 0.015. ಅದು ನಿನ್ನ ಕಿಟ್‌ಗೆ ಕಾಣುವುದೇ ಇಲ್ಲ. ಹಾಗಾಗಿ ಎರಡನೇ ತೊರೆಯಲ್ಲಿ ಬಣ್ಣ ಬರಲಿಲ್ಲ ಅಂದರೆ ಏನೂ ಇಲ್ಲ ಅಂತ ಅರ್ಥ ಅಲ್ಲ, ಕಾಡಿನ ತೊರೆಯಲ್ಲಿ ಎಷ್ಟು ಇರಬೇಕೋ ಅಷ್ಟೇ ಇದ್ದರೂ ಹೀಗೆಯೇ ಕಾಣುತ್ತದೆ.

ಡೊಂಬಿವಲಿ ಮೀನುತೊಟ್ಟಿ

ಅಕ್ಕಾ, ಓದುತ್ತಾ ಓದುತ್ತಾ ಮನಸ್ಸು ಭಾರ ಆಯಿತು, ಯಾಕಂದರೆ ನೀವು ಕೇಳಿದ ಮೊದಲ ಪ್ರಶ್ನೆಗೆ ನನಗೆ ಉತ್ತರ ಗೊತ್ತು. ಮೇಲ್ಗಡೆ ಎರಡು ಒಗೆಯುವ ಕಲ್ಲು ಇದ್ದವು. ನಾಲ್ಕೈದು ಹೆಂಗಸರು ಒಗೆಯುತ್ತಿದ್ದರು. ನಾನು ನೋಡಿದ್ದೇನೆ, ಫೋಟೋದಲ್ಲೂ ಇದೆ, ಆದರೆ ತಲೆಗೆ ಹೋಗಲೇ ಇಲ್ಲ. ಕೊಳವೆ ಹೊಸದು, ಸೋಪು ತಾಗಿಲ್ಲ. ಸಮಯ ನೋಡಿಕೊಳ್ಳಲಿಲ್ಲ, ಅಮ್ಮ ಕರೆದರು ಅಂತ ಮಧ್ಯೆ ಎದ್ದು ಹೋಗಿದ್ದೆ.

ವಾಟ್ಸಾಪ್‌ನಲ್ಲಿ ಹಾಕಿದ್ದನ್ನು ಈಗಲೇ ತೆಗೆದು, ಇನ್ನೂ ಖಚಿತ ಇಲ್ಲ ಅಂತ ಬರೆದಿದ್ದೇನೆ. ಮುಂದಿನ ಭಾನುವಾರ ಬೆಳಕು ಹರಿಯುವ ಮೊದಲೇ ಹೋಗುತ್ತೇನೆ.

ಕಾರವಾರದ ಮನೆ, ವಾಸ್ಕೋ

ಗೋವಾದಿಂದ ಬರೆಯುತ್ತಿದ್ದೇನೆ. ನಮ್ಮ ಕಡೆ ಬಿಸಿ ಬುಗ್ಗೆ ಇಲ್ಲ, ಕೆಸರ್ವಾಳದಂಥ ತಣ್ಣೀರಿನ ಬುಗ್ಗೆಗಳು ಇವೆ. ಎಲ್ಲಾ ಕಡೆ ಮುರಕಲ್ಲು, ಅಂದರೆ ಜಂಬಿಟ್ಟಿಗೆ ಕಲ್ಲು. ಇಲ್ಲಿ ಒಂದು ಸಂಗತಿ ಸೇರಿಸಬೇಕು ಅನಿಸಿತು. ಮುರಕಲ್ಲಿನ ಕೆಂಪು ಅಂದರೆ ಕಬ್ಬಿಣದ ತುಕ್ಕು. ಆ ತುಕ್ಕು ರಂಜಕವನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ನಮ್ಮ ತೋಟದವರಿಗೆ ಇದು ಚೆನ್ನಾಗಿ ಗೊತ್ತು, ಗೊಬ್ಬರ ಎಷ್ಟು ಹಾಕಿದರೂ ಕೆಂಪು ಮಣ್ಣು ನುಂಗುತ್ತದೆ ಅಂತಾರೆ. ಜಾಸ್ತಿ ಮಳೆ ಬೀಳುವ ಬಿಸಿ ನಾಡಿನ ಹಳೆಯ ಮಣ್ಣು ಹೆಚ್ಚಾಗಿ ಹೀಗೆಯೇ. ಮಣ್ಣಿನ ಮೂಲಕ ಇಳಿದು ತೊರೆ ಸೇರುವ ನೀರಿನಲ್ಲಿ ರಂಜಕ ಬಹಳ ಕಡಿಮೆ ಇರುವುದು ಅದಕ್ಕೇ.

ಆದರೆ ನನಗೆ ಅರ್ಥ ಆಗದ್ದು ಒಂದು. ರಂಜಕ ಅಷ್ಟು ಜಾಸ್ತಿ ಇದ್ದರೆ ಲಾ ಸೆಲ್ವಾದ ತೊರೆ ಪಾಚಿ ತುಂಬಿ ಹಸಿರಾಗಬೇಕಲ್ಲ? ಮುಂಬೈಯ ಪೊವಾಯಿ ಕೆರೆ ಜಲಕುಂಭಿ ಕಳೆ ತುಂಬಿ ನಿಂತದ್ದನ್ನು ನಾವೆಲ್ಲ ನೋಡಿದ್ದೇವೆ.

ಎಮ್ಮೆಸ್ಸಿ ಹುಡುಗಿ, ಪುಣೆ

ನಾನೇ ಆ ಅಕ್ಕನ ಮಗಳು. ಮಾವ ಲಿಂಕ್ ಕಳಿಸಿದರು, ಅದಕ್ಕೆ ಬಂದೆ. ಮಾವ, ಬೇಜಾರು ಮಾಡಿಕೊಳ್ಳಬೇಡಿ, ನಾನೂ ಫೋನಿನಲ್ಲಿ ಅರ್ಧ ಮಾತ್ರ ಹೇಳಿದ್ದೆ.

ವಾಸ್ಕೋ ಅಂಕಲ್ ಕೇಳಿದ್ದು ತುಂಬಾ ಒಳ್ಳೆಯ ಪ್ರಶ್ನೆ. ಲಾ ಸೆಲ್ವಾದಲ್ಲಿ ಈ ಕೆಲಸ ಶುರು ಮಾಡಿದ ವಿಜ್ಞಾನಿಗಳು ಕ್ಯಾಥರಿನ್ ಪ್ರಿಂಗಲ್ ಮತ್ತು ಫ್ರಾಂಕ್ ಟ್ರಿಸ್ಕಾ. 1991ರಲ್ಲಿ ಅವರು ಸಾಲ್ಟೋ ಅನ್ನುವ ತೊರೆಯ ಬಗ್ಗೆ ಬರೆದರು. ಆ ಕಾಡಿನ ತೊರೆಗಳಲ್ಲಿ ನೈಟ್ರೇಟ್ ಮೊದಲೇ ಸಾಕಷ್ಟು ಇದೆ, ಕೊರತೆ ಇರುವುದು ರಂಜಕದ್ದು. ಹಾಗಾಗಿ ರಂಜಕ ಬಂದ ಕೂಡಲೇ ಪಾಚಿ ಏಳಬೇಕು ಅಂತ ನಮಗೆ ಅನಿಸುತ್ತದೆ. ಆದರೆ ತೊರೆಯ ಮೇಲೆ ಕಾಡು ಚಪ್ಪರ ಹಾಕಿದ ಹಾಗೆ ಮುಚ್ಚಿಕೊಂಡಿದೆ. ಬೆಳಕೇ ಇಲ್ಲ. ಬೆಳಕಿಲ್ಲದೆ ಪಾಚಿ ಎಷ್ಟು ಗೊಬ್ಬರ ಸಿಕ್ಕರೂ ಏನು ಮಾಡುತ್ತದೆ? ಪೊವಾಯಿಯಲ್ಲಿ ಬಿಸಿಲು ನೇರ ನೀರಿಗೆ ಬೀಳುತ್ತದೆ, ಕೊಳಚೆಯೂ ಬರುತ್ತದೆ, ಅದಕ್ಕೇ ಅಲ್ಲಿ ಹಾಗೆ.

ಹಾಗಾದರೆ ರಂಜಕ ಎಲ್ಲಿ ಕೆಲಸ ಮಾಡುತ್ತದೆ? ಬಿದ್ದ ಎಲೆಯ ಮೇಲೆ! ನನಗೆ ಇದು ಓದಿದಾಗ ಮೈ ಜುಮ್ ಅಂದಿತ್ತು. ಕಾಡಿನ ತೊರೆಯ ಊಟ ಅಂದರೆ ಎಲೆ. ಎಲೆ ನೀರಿಗೆ ಬಿದ್ದ ಮೇಲೆ ಅದರ ಮೇಲೆ ಶಿಲೀಂಧ್ರ, ಬ್ಯಾಕ್ಟೀರಿಯಾ ಬೆಳೆಯುತ್ತವೆ, ಆಮೇಲೆ ಹುಳುಗಳು ಆ ಮೆತ್ತಗಾದ ಎಲೆಯನ್ನು ತಿನ್ನುತ್ತವೆ. ಅಲ್ಲಿ ಅತ್ತಿಯ ಜಾತಿಯ ಒಂದು ಮರದ ಎಲೆಗಳನ್ನು ಬಲೆಯ ಚೀಲದಲ್ಲಿ ಕಟ್ಟಿ ಬೇರೆ ಬೇರೆ ತೊರೆಗಳಲ್ಲಿ ಇಟ್ಟು ನೋಡಿದರು. ರಂಜಕ ಜಾಸ್ತಿ ಇದ್ದ ತೊರೆಯಲ್ಲಿ ಎಲೆ ಬೇಗ ಕೊಳೆಯಿತು, ಸೂಕ್ಷ್ಮಜೀವಿಗಳ ಉಸಿರಾಟವೂ ಜಾಸ್ತಿ. ಕಣ್ಣಿಗೆ ಹಸಿರು ಕಾಣದಿದ್ದರೂ ಎಲೆಯ ಕೆಳಗೆ ಎಲ್ಲವೂ ಬೇಗ ಬೇಗ ನಡೆಯುತ್ತದೆ. ಆಮೇಲೆ ಅವರು ಕಡಿಮೆ ರಂಜಕದ ಒಂದು ತೊರೆಗೆ ತಾವೇ ಫಾಸ್ಫೇಟ್ ಹಾಕಿ ವರ್ಷಗಟ್ಟಲೆ ನೋಡಿದರು.

ಇನ್ನೊಂದು ಇದೆ, ಅದು ನನಗೆ ರಂಜಕಕ್ಕಿಂತ ಇಷ್ಟ. ಆಳದ ನೀರಿನಲ್ಲಿ ಬೈಕಾರ್ಬನೇಟ್ ಇರುತ್ತದೆ, ಅಂದರೆ ಅಡುಗೆ ಸೋಡಾದಲ್ಲಿ ಇರುವಂಥದ್ದು. ಒಣ ದಿನಗಳು ಮುಗಿದು ಮಳೆ ಶುರುವಾದಾಗ ಮಣ್ಣಿನಲ್ಲಿ ಸೇರಿಕೊಂಡ ಇಂಗಾಲದ ಡೈಆಕ್ಸೈಡ್ ತೊಳೆದು ತೊರೆಗೆ ಬರುತ್ತದೆ, ಸಾಮಾನ್ಯ ತೊರೆ ಹುಳಿಯಾಗುತ್ತದೆ, ಅಂದರೆ ಹುಳಿ-ಕ್ಷಾರದ ಅಳತೆಯಾದ ಪಿಎಚ್ ಇಳಿಯುತ್ತದೆ. 1997-98ರ ದೊಡ್ಡ ಎಲ್ ನಿನೋ ಬರ ಮುಗಿದ ಮೇಲೆ ಹೀಗೆ ಜೋರಾಗಿ ಆಯಿತು. ಆಳದ ನೀರು ಸೇರುವ ತೊರೆ ಮಾತ್ರ ಅಷ್ಟು ಅಲ್ಲಾಡಲಿಲ್ಲ, ಬೈಕಾರ್ಬನೇಟ್ ಹುಳಿಯನ್ನು ತಡೆಯಿತು. ಸಾವಿರಾರು ವರ್ಷ ಹಳೆಯ ನೀರು ಈ ವರ್ಷದ ಮರಿಹುಳುವನ್ನು ಕಾಪಾಡುತ್ತಿದೆ.

ಅಂಬರನಾಥ ನಿವಾಸಿ

ಇದನ್ನು ಓದಿ ನನಗೆ ಬೇರೆ ಭಯ ಆಗುತ್ತಿದೆ. ನಮ್ಮ ಕಾಲೋನಿ ಹಿಂದೆ ಒಂದು ನಾಲೆ ಇದೆ. ನೊರೆ ಬರುತ್ತದೆ, ವಾಸನೆ ಬರುತ್ತದೆ. ದೂರು ಕೊಟ್ಟಾಗ ಒಬ್ಬರು ಬಂದು ನೋಡಿ, ಇದು ನೆಲದ ಗುಣ, ಕೆಳಗಿನ ಕಲ್ಲಿನಿಂದಲೇ ಬರುವುದು ಅಂದುಬಿಟ್ಟರು. ನಾವು ಹತ್ತು ಮನೆಯವರು ಸಹಿ ಹಾಕಿದ ಕಾಗದ ಹಾಗೆಯೇ ಉಳಿಯಿತು. ಈಗ ನೀವೆಲ್ಲ ಕಲ್ಲಿನಿಂದಲೂ ಫಾಸ್ಫೇಟ್ ಬರುತ್ತದೆ ಅಂತೀರಿ. ಹಾಗಾದರೆ ಯಾವುದು ಕಲ್ಲಿನದು, ಯಾವುದು ಕೊಳಚೆಯದು ಅಂತ ನಮ್ಮಂಥವರು ಹೇಗೆ ತಿಳಿಯುವುದು? ದಯವಿಟ್ಟು ಬಿಡಿಸಿ ಹೇಳಿ.

ಮುಲುಂಡ್ ಲ್ಯಾಬ್ ಅಕ್ಕ

ನಿಮ್ಮ ಸಂಕಟ ಅರ್ಥ ಆಗುತ್ತದೆ. ಬಾಯಿಮಾತಿನಲ್ಲಿ ನೆಲದ ಗುಣ ಅಂದರೆ ಒಪ್ಪಬೇಡಿ. ನೀರೇ ಹೇಳುತ್ತದೆ.

ಆಳದಿಂದ ಬಂದ ನೀರು ಒಂಟಿಯಾಗಿ ರಂಜಕ ತರುವುದಿಲ್ಲ. ಜೊತೆಗೆ ಸೋಡಿಯಂ, ಕ್ಲೋರೈಡ್, ಬೈಕಾರ್ಬನೇಟ್, ಸಿಲಿಕಾ ತರುತ್ತದೆ. ಕೋಸ್ಟರಿಕಾದಲ್ಲಿ ತೊರೆಯ ನೀರಲ್ಲಿ ಎಷ್ಟು ಪಾಲು ಆಳದ್ದು ಅಂತ ಲೆಕ್ಕ ಹಾಕಿದ್ದೇ ಕ್ಲೋರೈಡ್ ಹಿಡಿದು. ಅಲ್ಲಿ ಕಾಡು, ಮನುಷ್ಯರ ಉಪ್ಪು ಇಲ್ಲ, ಹಾಗಾಗಿ ಆ ಲೆಕ್ಕ ನಡೆಯುತ್ತದೆ. ಇಲ್ಲಿ ಕ್ಲೋರೈಡ್ ಒಂದನ್ನೇ ನಂಬಲಾಗದು, ನಮ್ಮ ಉಚ್ಚೆಯಲ್ಲೂ ಅದು ಇರುತ್ತದೆ. ಅದಕ್ಕೆ ಅಮೋನಿಯಾ ಮತ್ತು ಮಲದ ಬ್ಯಾಕ್ಟೀರಿಯಾ ಎರಡೂ ನೋಡಬೇಕು. ಕೊಳಚೆ ಸೇರಿದ್ದರೆ ಅವು ಇದ್ದೇ ಇರುತ್ತವೆ. ಸಾವಿರ ವರ್ಷ ಕಲ್ಲಿನೊಳಗೆ ಇದ್ದ ನೀರಿನಲ್ಲಿ ಮಲದ ಬ್ಯಾಕ್ಟೀರಿಯಾ ಎಲ್ಲಿಂದ ಬರಬೇಕು? ನೊರೆ ಬರುತ್ತಿದೆ ಅಂದಿರಲ್ಲ, ಡಿಟರ್ಜೆಂಟಿನ ಪರೀಕ್ಷೆ ಬೇರೆಯೇ ಇದೆ, ಅದನ್ನೂ ಕೇಳಿ ಮಾಡಿಸಿ.

ಇನ್ನು ಹೊತ್ತು ನೋಡಿ. ಆಳದ ನೀರು ಹಗಲು ರಾತ್ರಿ, ಸೋಮವಾರ ಭಾನುವಾರ ಒಂದೇ ರೀತಿ ಬರುತ್ತದೆ. ಮಳೆ ಬಂದಾಗ ತೆಳು ಆಗುತ್ತದೆ, ಮಳೆ ನಿಂತರೆ ಮತ್ತೆ ಗಟ್ಟಿ. ಮನುಷ್ಯರಿಂದ ಬಂದದ್ದು ಬೆಳಿಗ್ಗೆ ಏಳರಿಂದ ಹತ್ತಕ್ಕೆ ಏರುತ್ತದೆ, ನಡುರಾತ್ರಿ ಇಳಿಯುತ್ತದೆ. ಕಾರ್ಖಾನೆಯದಾದರೆ ರಜೆ ದಿನ ಬೇರೆ ಕಾಣುತ್ತದೆ. ಒಂದೇ ಜಾಗದಿಂದ ಒಂದೇ ದಿನ ನಾಲ್ಕು ಬಾಟಲಿ ತುಂಬಿಸಿ, ಪ್ರತಿ ಬಾಟಲಿಯ ಮೇಲೆ ಹೊತ್ತು ಬರೆಯಿರಿ, ಐಸ್ ಪೆಟ್ಟಿಗೆಯಲ್ಲಿ ಇಟ್ಟು ಆ ದಿನವೇ ಕೊಡಿ. ಬ್ಯಾಕ್ಟೀರಿಯಾ ಪರೀಕ್ಷೆಯ ಬಾಟಲಿ ಮಾತ್ರ ಲ್ಯಾಬಿನವರೇ ಕೊಟ್ಟದ್ದಾಗಿರಲಿ. ನಾಲೆಯ ಮೇಲ್ಗಡೆಯಿಂದಲೂ ಒಂದು ಸೆಟ್ ತನ್ನಿ. ಮೇಲೆ ಇಲ್ಲದ್ದು ಕೆಳಗೆ ಇದ್ದರೆ ಮಧ್ಯೆ ಯಾರೋ ಸೇರಿಸಿದ್ದಾರೆ. ವರದಿ ಬಂದಮೇಲೆ ಇಲ್ಲಿ ಹಾಕಿ, ಓದಿ ಹೇಳುತ್ತೇನೆ.

ಅಂಬರನಾಥ ನಿವಾಸಿ

ತುಂಬಾ ಉಪಕಾರ ಆಯ್ತು ಅಕ್ಕ. ಶನಿವಾರವೇ ತುಂಬಿಸುತ್ತೇವೆ. ನಾಲ್ಕು ಮನೆಯವರು ಬೇರೆ ಬೇರೆ ಹೊತ್ತು ಹಂಚಿಕೊಂಡಿದ್ದೇವೆ, ನಡುರಾತ್ರಿಯದು ನನ್ನ ಮಗನ ಪಾಲಿಗೆ.

ಡೊಂಬಿವಲಿ ಮೀನುತೊಟ್ಟಿ

ಹೋಗಿ ಬಂದೆ. ಎಲ್ಲವನ್ನೂ ಬರೆಯುತ್ತೇನೆ.

ಐದೂಕಾಲಿಗೆ ಕುಂಡದ ಹತ್ತಿರ ಇದ್ದೆ. ಕತ್ತಲು, ನೀರಿನ ಮೇಲೆ ಹಬೆ. ಯಾರೂ ಬಂದಿರಲಿಲ್ಲ, ಒಬ್ಬ ಪೂಜಾರಿ ದೀಪ ಹಚ್ಚುತ್ತಿದ್ದರು. ನೀರು ಕಲ್ಲಿನಿಂದ ಹೊರಬರುವ ಮೂಲೆಯಲ್ಲಿ ಗುಳ್ಳೆ ಏಳುತ್ತವೆ, ಅಲ್ಲಿಗೇ ಬಾಟಲಿ ಕಟ್ಟಿದ ಕೋಲು ಚಾಚಿ ತುಂಬಿಸಿದೆ. ಕೈಗೆ ತಡೆಯದಷ್ಟು ಬಿಸಿ. ಕೊಳೆತ ಮೊಟ್ಟೆಯ ವಾಸನೆ ಅಂತಾರಲ್ಲ, ಆ ಗಂಧಕದ ವಾಸನೆ ಸ್ವಲ್ಪ. ಬಾಟಲಿ ಆರಿದ ಮೇಲೆ ಹನಿ ಹಾಕಿ ಮೊಬೈಲಿನಲ್ಲಿ ಐದು ನಿಮಿಷ ಇಟ್ಟೆ.

ಬಣ್ಣ ಇಲ್ಲ. ಬಿಳಿ ಕಾಗದದ ಮುಂದೆ ಹಿಡಿದೆ, ಟಾರ್ಚ್ ಹಾಕಿದೆ, ಇಲ್ಲ. ಆ ಕೊಳವೆಯನ್ನು ಹಾಗೆಯೇ ಕಲ್ಲಿನ ಮೇಲೆ ಬಿಟ್ಟೆ. ಅರ್ಧ ಗಂಟೆ ಆದ ಮೇಲೆ ನೋಡಿದರೆ, ಅಕ್ಕಾ, ನೀವು ಹೇಳಿದ ಹಾಗೆ ತೆಳ್ಳಗೆ ನೀಲಿ ಹತ್ತಿತ್ತು. ನಿಮ್ಮ ಮಾತು ಕೇಳಿರದಿದ್ದರೆ ಅದನ್ನೇ ಹಿಡಿದುಕೊಂಡು ಬರುತ್ತಿದ್ದೆ.

ಒಗೆಯುವ ಕಲ್ಲಿನ ಕೆಳಗಿನ ತೊರೆಯಲ್ಲಿ ಆರು ಗಂಟೆಗೆ ಐದು ನಿಮಿಷದ ಓದಿಗೆ ಏನೂ ಇಲ್ಲ. ಎಂಟೂವರೆಗೆ ಹೆಂಗಸರು ಬಂದು ಒಗೆಯಲು ಶುರು ಮಾಡಿದರು. ಒಂಬತ್ತಕ್ಕೆ ಅದೇ ಜಾಗದಲ್ಲಿ ತುಂಬಿಸಿದೆ. ಎರಡನೇ ನಿಮಿಷಕ್ಕೇ ನೀಲಿ. ಹೋದ ಸಲ ಕಂಡ ಅದೇ ನೀಲಿ.

ಅವರಲ್ಲಿ ಒಬ್ಬ ವಯಸ್ಸಾದ ತಾಯಿ ನನ್ನ ಕೊಳವೆಗಳನ್ನು ಆಗಿನಿಂದ ನೋಡುತ್ತಿದ್ದರು. ಹತ್ತಿರ ಬಂದು ಪಾಣಿ ಚಾಂಗ್ಲ ಆಹೇ ಕಾ (ನೀರು ಚೆನ್ನಾಗಿದೆಯಾ) ಅಂತ ಕೇಳಿದರು. ಬುಗ್ಗೆಯ ನೀರಿನ ಕೊಳವೆ ಒಂದು ಕೈಯಲ್ಲಿ, ಕೆಳಗಿನದು ಇನ್ನೊಂದು ಕೈಯಲ್ಲಿ ಹಿಡಿದು ತೋರಿಸಿದೆ. ನನಗೆ ಬರುವ ಮರಾಠಿಯಲ್ಲಿ ಸೋಪುಪುಡಿ ವಿಷಯ ಹೇಳಿದೆ. ಅವರು ತುಂಬಾ ಹೊತ್ತು ನೀಲಿ ಕೊಳವೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ, ಮೊದಲು ನಾವು ಪುಡಿ ಹಾಕುತ್ತಿರಲಿಲ್ಲ, ಈ ಬಿಸಿನೀರಿಗೆ ಪುಡಿ ಬೇಕಾಗಿಯೇ ಇಲ್ಲ, ಐದು ರೂಪಾಯಿಯ ಪ್ಯಾಕೆಟ್ ಬಂದ ಮೇಲೆ ಅಭ್ಯಾಸ ಆಯಿತು ಅಂದರು. ಅವರ ಮೇಲೆ ನನಗೆ ಯಾವ ದೂರೂ ಇಲ್ಲ. ನಾವು ಮುಂಬೈಯಿಂದ ಹೋದವರೂ ಸೋಪು, ಶಾಂಪೂ ತೆಗೆದುಕೊಂಡೇ ಇಳಿಯುತ್ತೇವೆ. ಕುಂಡದ ಗೋಡೆ ಮೇಲೆ ಶಾಂಪೂ ಪೊಟ್ಟಣ ಎಣಿಸಿದೆ, ಹದಿನೇಳು ಇದ್ದವು.

ಸೊಸೈಟಿ ಗುಂಪಿನಲ್ಲಿ ಎರಡು ಕೊಳವೆಯ ಫೋಟೋ ಹಾಕಿ, ನಾನು ಮೊದಲು ಹೇಳಿದ್ದು ತಪ್ಪು, ಬುಗ್ಗೆಯಲ್ಲಿ ಇಲ್ಲ, ಸೋಪಿನಿಂದ ಬಂದದ್ದು ಅಂತ ಬರೆದೆ.

ಧಾರವಾಡ ಮಾಸ್ತರ, ಪುಣೆ

ಬಹಳ ಛಲೋ ಕೆಲಸ ಮಾಡಿದ್ರಿ. ನನ್ನ ಕ್ಲಾಸಿನಲ್ಲಿ ಈ ಎರಡು ಕೊಳವೆಯ ಫೋಟೋ ತೋರಿಸಲು ಅನುಮತಿ ಕೊಡಿ. ಒಂದು ಎಚ್ಚರಿಕೆ ಮಾತ್ರ. ನಿಮ್ಮ ಕಿಟ್‌ಗೆ ಕಾಣದಷ್ಟು ರಂಜಕ ಬುಗ್ಗೆಯಲ್ಲಿ ಇರಬಹುದು, ಹಾಗಾಗಿ ಇಲ್ಲವೇ ಇಲ್ಲ ಅನ್ನಬೇಡಿ. ಇದು ಒಂದು ಕುಂಡದ ಮಾತು, ಇಡೀ ಕೊಂಕಣದ ಸಾಲಿನದ್ದಲ್ಲ.

ಎಮ್ಮೆಸ್ಸಿ ಹುಡುಗಿ, ಪುಣೆ

ಮಾವ, ಬುಗ್ಗೆಯ ಬಾಟಲಿಯಲ್ಲಿ ಉಳಿದ ನೀರು ಚೆಲ್ಲಬೇಡಿ. ನಮ್ಮ ವಿಭಾಗದಲ್ಲಿ ಒಳ್ಳೆಯ ಯಂತ್ರ ಇದೆ, ಮೇಡಂ ಒಪ್ಪಿದ್ದಾರೆ. ಮಳೆಗಾಲದಲ್ಲಿ ಮತ್ತೆ ಹೋಗೋಣ, ನಾನೂ ಬರುತ್ತೇನೆ. ಆಗ ತೊರೆ ತುಂಬಿ ಹರಿಯುತ್ತಿರುತ್ತದೆ, ಬುಗ್ಗೆಯ ನೀರಿನ ಪಾಲು ಎಷ್ಟು ಇಳಿಯುತ್ತದೆ ಅಂತ ಕ್ಲೋರೈಡ್ ನೋಡಿ ಹೇಳಬಹುದು. ಎಲೆಯ ಚೀಲಗಳನ್ನೂ ಹೊಲಿದು ತರುತ್ತೇನೆ.

ಪುತ್ತೂರಿನವ, ಕುರ್ಲಾ

ನಾನು ಮುಂದಿನ ತಿಂಗಳು ತಂಗಿಯ ಮಗುವಿನ ನಾಮಕರಣಕ್ಕೆ ಊರಿಗೆ ಹೋಗುತ್ತಿದ್ದೇನೆ. ಬೆಂದ್ರ್ ತೀರ್ಥದ ನೀರು ತರಲಾ? ನಮ್ಮ ಹೋಟೆಲಿನಲ್ಲಿ ಖಾಲಿ ಬಾಟಲಿ ಬೇಕಾದಷ್ಟು ಇವೆ, ಚೆನ್ನಾಗಿ ತಿಕ್ಕಿ ತೊಳೆದು ಇಡಿಸುತ್ತೇನೆ.

ಮುಲುಂಡ್ ಲ್ಯಾಬ್ ಅಕ್ಕ

ತನ್ನಿ, ಖಂಡಿತ ತನ್ನಿ. ಆದರೆ ಹೋಟೆಲಿನ ಬಾಟಲಿ ಬೇಡ, ತೊಳೆಯುವುದೂ ಬೇಡ. ಆ್ಯಸಿಡ್‌ನಲ್ಲಿ ತೊಳೆದ ಎರಡು ಬಾಟಲಿ ನಾನೇ ಕೊಡುತ್ತೇನೆ. ಗುರುವಾರ ಸಂಜೆ ಕುರ್ಲಾ ಸ್ಟೇಷನ್ನಿಗೆ ಬರುತ್ತೇನೆ. ಬೆಳಿಗ್ಗೆ ಯಾರೂ ಇಳಿಯುವ ಮೊದಲು ತುಂಬಿಸಿ, ಅದೇ ನೀರಿನಲ್ಲಿ ಮೂರು ಸಲ ಕುಲುಕಿ ಚೆಲ್ಲಿ, ನಾಲ್ಕನೆಯ ಸಲ ತುಂಬಿಸಿ ಮುಚ್ಚಳ ಹಾಕಿ. ರೈಲಿನಲ್ಲಿ ಐಸ್ ಪೆಟ್ಟಿಗೆ.